ಪೆಪ್ಟೈಡ್‌ಗಳ ನಕ್ಷೆ ಬರೆದ ಜಿ. ಎನ್. ರಾಮಚಂದ್ರನ್

ನಮ್ಮ ಕೆಂಗೇರಿಯ ಸರ್ಕಾರಿ ಪ್ರೌಢಶಾಲೆಗೆ ಐವತ್ತು ವರ್ಷ ತುಂಬಿದ ಈ ಸಂದರ್ಭದಲ್ಲಿ, ಹಳೆಯ ವಿದ್ಯಾರ್ಥಿಗಳು ತಮ್ಮ ವೃತ್ತಿಗೆ ಸಂಬಂಧಿಸಿದ ಒಬ್ಬ ಹಿರಿಯರ ಬದುಕನ್ನು ಪರಿಚಯಿಸಬೇಕೆಂದು ಸಂಪಾದಕ ಮಂಡಳಿ ಕೇಳಿದೆ. ನಾನು ಸಂಶೋಧನಾ ಪ್ರಯೋಗಾಲಯವೊಂದರಲ್ಲಿ ಕೆಲಸ ಮಾಡುವವನು. ಬೇಕಾದ ಪೆಪ್ಟೈಡ್‌ಗಳನ್ನು ಹೇಳಿ ಮಾಡಿಸುವುದು, ಬಂದದ್ದನ್ನು ಕೆಡದಂತೆ ಕಾಪಾಡುವುದು, ಕೇಳಿದವರಿಗೆ ಕರಗಿಸಿ ಕೊಡುವುದು ನನ್ನ ಪಾಲಿನ ಕೆಲಸ. ಈ ಕೆಲಸದಲ್ಲಿ ಮತ್ತೆ ಮತ್ತೆ ನೆನಪಾಗುವ ಹೆಸರು ಪ್ರೊಫೆಸರ್ ಜಿ. ಎನ್. ರಾಮಚಂದ್ರನ್ ಅವರದು. ಕೆಂಗೇರಿಯಿಂದ ವಿಜಯನಗರ, ರಾಜಾಜಿನಗರ ದಾಟಿ ಯಶವಂತಪುರದ ಕಡೆ ಹೋದರೆ, ನಮ್ಮ ಹಿರಿಯರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆ ಸಿಗುತ್ತದೆ. ಅವರು ಸಂಶೋಧನೆ ಕಲಿತದ್ದು ಅಲ್ಲಿ, ಮರಳಿ ಬಂದು ಒಂದು ವಿಭಾಗ ಕಟ್ಟಿದ್ದೂ ಅಲ್ಲಿಯೇ. ಜಗತ್ತಿನ ಜೀವರಸಾಯನಶಾಸ್ತ್ರದ ವಿದ್ಯಾರ್ಥಿಗಳಿಗೆಲ್ಲ ಪರಿಚಿತವಾದ ಈ ಹೆಸರು ನಮ್ಮ ಬಡಾವಣೆಯ ಮಕ್ಕಳಿಗೂ ತಿಳಿದಿರಲಿ ಎಂಬುದು ನನ್ನ ಆಸೆ.

ರಾಮಚಂದ್ರನ್ ಅವರು 1922ರ ಅಕ್ಟೋಬರ್ 8ರಂದು ಎರ್ನಾಕುಲಂನಲ್ಲಿ ಜನಿಸಿದರು. ತಂದೆ ಅಲ್ಲಿನ ಮಹಾರಾಜ ಕಾಲೇಜಿನಲ್ಲಿ ಗಣಿತದ ಪ್ರಾಧ್ಯಾಪಕರು. ಗಣಿತದ ರುಚಿ ಮನೆಯಲ್ಲೇ ಹತ್ತಿತು. ತಿರುಚಿನಾಪಳ್ಳಿಯ ಸೇಂಟ್ ಜೋಸೆಫ್ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿ, 1942ರಲ್ಲಿ ಬೆಂಗಳೂರಿಗೆ ಬಂದು ವಿಜ್ಞಾನ ಸಂಸ್ಥೆಯ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ವಿಭಾಗಕ್ಕೆ ಸೇರಿದರು. ಮನಸ್ಸು ಮಾತ್ರ ಭೌತಶಾಸ್ತ್ರದಲ್ಲೇ ಇತ್ತು. ಸರ್ ಸಿ. ವಿ. ರಾಮನ್ ಅವರು ಈ ಹುಡುಗನ ಬುದ್ಧಿಯನ್ನು ಗುರುತಿಸಿ ತಮ್ಮ ವಿಭಾಗಕ್ಕೆ ಕರೆದುಕೊಂಡರು. ಹರಳುಗಳ ಮೇಲೆ ಎಕ್ಸ್-ರೇ ಹಾಯಿಸಿ ಒಳಗಿನ ಅಣುಗಳ ಜೋಡಣೆಯನ್ನು ತಿಳಿಯುವ ವಿದ್ಯೆ ಅವರಿಗೆ ಇಲ್ಲಿ ಕೈಗೂಡಿತು. 1947ರಿಂದ ಎರಡು ವರ್ಷ ಕೇಂಬ್ರಿಡ್ಜ್‌ನಲ್ಲಿ ಸಂಶೋಧನೆ ನಡೆಸಿ, 1949ರಲ್ಲಿ ಬೆಂಗಳೂರಿಗೆ ಮರಳಿದರು. 1952ರಲ್ಲಿ, ಇನ್ನೂ ಮೂವತ್ತು ತುಂಬುವ ಮೊದಲೇ, ಮದರಾಸು ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರೂ ವಿಭಾಗದ ಮುಖ್ಯಸ್ಥರೂ ಆದರು.

ಅದೇ ಕಾಲಕ್ಕೆ ಇಂಗ್ಲೆಂಡಿನ ಹೆಸರಾಂತ ವಿಜ್ಞಾನಿ ಜೆ. ಡಿ. ಬರ್ನಾಲ್ ಮದರಾಸಿಗೆ ಬಂದರು. ನಮ್ಮ ಚರ್ಮ, ಎಲುಬು, ಸ್ನಾಯುರಜ್ಜುಗಳಿಗೆ ಗಟ್ಟಿತನ ಕೊಡುವ ಕೊಲ್ಯಾಜನ್ ಎಂಬ ಪ್ರೋಟೀನಿನ ರಚನೆ ಇನ್ನೂ ಯಾರಿಗೂ ಬಿಡಿಸಲಾಗದ ಒಗಟಾಗಿ ಉಳಿದಿದೆ ಎಂಬ ವಿಷಯ ಅವರೊಂದಿಗಿನ ಮಾತುಕತೆಯಲ್ಲಿ ಬಂತು. ರಾಮಚಂದ್ರನ್ ಅದನ್ನೇ ಹಿಡಿದರು. ಹತ್ತಿರದಲ್ಲೇ ಕೇಂದ್ರ ಚರ್ಮ ಸಂಶೋಧನಾ ಸಂಸ್ಥೆ ಇತ್ತು. ಅಲ್ಲಿಂದ ಕಾಂಗರೂವಿನ ಬಾಲದ ರಜ್ಜುವಿನಿಂದ ತೆಗೆದ ಕೊಲ್ಯಾಜನ್ ಸಿಕ್ಕಿತು. ಸಹೋದ್ಯೋಗಿ ಗೋಪಿನಾಥ್ ಕರ್ತಾ ಅವರೊಂದಿಗೆ ಕೂತು ಎಕ್ಸ್-ರೇ ಚಿತ್ರಗಳನ್ನು ತೆಗೆದು, ಲೆಕ್ಕ ಹಾಕಿದರು.

ಮುಂದಿನ ಕಥೆ ತಿಳಿಯಲು ಪೆಪ್ಟೈಡ್ ಎಂದರೇನು ಎಂದು ಸ್ವಲ್ಪ ನೋಡಬೇಕು. ಹೂವಾಡಗಿತ್ತಿ ಹೂ ಕಟ್ಟುವುದನ್ನು ನೆನೆಸಿಕೊಳ್ಳಿ. ಅಮೈನೋ ಆಮ್ಲಗಳು ಹೂಗಳು. ಪ್ರೋಟೀನ್ ಕಟ್ಟಲು ಜೀವಿಗಳು ಬಳಸುವುದು ಮುಖ್ಯವಾಗಿ ಇಪ್ಪತ್ತು ಬಗೆ. ಎರಡು ಹೂಗಳ ನಡುವೆ ಬೀಳುವ ಗಂಟೇ ಪೆಪ್ಟೈಡ್ ಬಂಧ. ಪ್ರತಿ ಗಂಟು ಬೀಳುವಾಗಲೂ ನೀರಿನ ಒಂದು ಅಣು ಹೊರಬೀಳುತ್ತದೆ. ಕೆಲವೇ ಹೂಗಳ ತುಂಡು ಮಾಲೆ ಪೆಪ್ಟೈಡ್. ನೂರಾರು ಹೂಗಳ ಉದ್ದ ಮಾಲೆ ಮಡಚಿಕೊಂಡು ರೂಪ ತಾಳಿದರೆ ಪ್ರೋಟೀನ್. ಯಾವ ಹೂವಿನ ನಂತರ ಯಾವ ಹೂವು ಎಂಬ ಅನುಕ್ರಮದಲ್ಲಿ ಅದರ ಗುಣವೆಲ್ಲ ಅಡಗಿದೆ.

ಕೊಲ್ಯಾಜನ್ ಮಾಲೆಯಲ್ಲಿ ಮೂರಕ್ಕೊಂದರಂತೆ ಗ್ಲೈಸೀನ್ ಎಂಬ ಅತಿ ಚಿಕ್ಕ ಅಮೈನೋ ಆಮ್ಲ ಬರುತ್ತದೆ. ಮೂರು ಮಾಲೆಗಳು ಹಗ್ಗದ ಎಳೆಗಳಂತೆ ಒಂದನ್ನೊಂದು ಸುತ್ತಿಕೊಂಡಿರುತ್ತವೆ ಎಂದು 1954ರಲ್ಲಿ ರಾಮಚಂದ್ರನ್ ಮತ್ತು ಕರ್ತಾ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಮರುವರ್ಷ ಆ ಮಾದರಿಯನ್ನು ತಿದ್ದಿ ಇನ್ನಷ್ಟು ಖಚಿತಗೊಳಿಸಿದರು. ಮೂರೆಳೆ ಸೇರುವ ನಡುಜಾಗದಲ್ಲಿ ಗ್ಲೈಸೀನಿಗಿಂತ ದೊಡ್ಡದು ಹಿಡಿಸುವುದಿಲ್ಲ.

ಹೊಗಳಿಕೆಯ ಜೊತೆಗೇ ಟೀಕೆಯೂ ಬಂತು. ಡಿಎನ್ಎ ರಚನೆ ಬಿಡಿಸಿದ ಫ್ರಾನ್ಸಿಸ್ ಕ್ರಿಕ್ ಮತ್ತು ಅಲೆಕ್ಸಾಂಡರ್ ರಿಚ್, ಈ ಮಾದರಿಯಲ್ಲಿ ಕೆಲವು ಪರಮಾಣುಗಳು ಇರಬೇಕಾದ್ದಕ್ಕಿಂತ ಹತ್ತಿರ ಬಂದಿವೆ ಎಂದು ಆಕ್ಷೇಪಿಸಿದರು. ಮೂರೆಳೆಯ ಸುರುಳಿ ಎಂಬ ಮೂಲ ವಿಚಾರ ಗಟ್ಟಿಯಾಗಿ ನಿಂತಿತು. ವಿವರಗಳಲ್ಲಿ ವಾದ ನಡೆಯಿತು. ರಾಮಚಂದ್ರನ್ ಅವರ ದೊಡ್ಡತನ ಕಾಣುವುದು ಇಲ್ಲಿ. ಎರಡು ಪರಮಾಣುಗಳು ಎಷ್ಟು ಹತ್ತಿರ ಬರಬಹುದು ಎಂಬ ಪ್ರಶ್ನೆಯನ್ನೇ ಅವರು ಮುಂದಿನ ಸಂಶೋಧನೆಯ ವಿಷಯ ಮಾಡಿಕೊಂಡರು. ಅದುವರೆಗೆ ಪ್ರಕಟವಾಗಿದ್ದ ಹರಳುಗಳ ರಚನೆಗಳನ್ನೆಲ್ಲ ಜಾಲಾಡಿ, ಪರಮಾಣುಗಳ ನಡುವಿನ ಕನಿಷ್ಠ ಅಂತರಗಳ ಪಟ್ಟಿ ಮಾಡಿದರು.

ಪೆಪ್ಟೈಡ್ ಗಂಟು ಚಪ್ಪಟೆಯಾಗಿ ಬಿಗಿಯಾಗಿರುತ್ತದೆ, ತಿರುಗುವುದಿಲ್ಲ. ಅದರ ಆಚೀಚೆ ಮಾತ್ರ ಎರಡು ಕಡೆ ತಿರುಗಲು ಸಾಧ್ಯ. ಆ ಎರಡು ಕೋನಗಳಿಗೆ ಫೈ ಮತ್ತು ಸೈ ಎಂದು ಹೆಸರು. ನಮ್ಮ ಮೊಣಕೈ ಎಲ್ಲ ದಿಕ್ಕಿಗೂ ಬಾಗದಂತೆ, ಇಲ್ಲಿಯೂ ಕೆಲವು ತಿರುವುಗಳಲ್ಲಿ ಪರಮಾಣುಗಳು ಒಂದಕ್ಕೊಂದು ಅಡ್ಡ ಬರುತ್ತವೆ. ರಾಮಚಂದ್ರನ್, ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್ ಪ್ರತಿಯೊಂದು ತಿರುವಿಗೂ ಲೆಕ್ಕ ಹಾಕಿ, ಯಾವುದು ಸಾಧ್ಯ, ಯಾವುದು ಅಸಾಧ್ಯ ಎಂದು ಒಂದು ಚೌಕದಲ್ಲಿ ಗುರುತಿಸಿದರು. ಚೌಕದ ಬಹುಭಾಗ ನಿಷಿದ್ಧವೆಂದೂ ಪ್ರೋಟೀನುಗಳಿಗೆ ಉಳಿಯುವ ಜಾಗ ಸ್ವಲ್ಪವೇ ಎಂದೂ ತೋರಿತು. 1963ರಲ್ಲಿ ಪ್ರಕಟವಾದ ಆ ಚೌಕವೇ ರಾಮಚಂದ್ರನ್ ನಕ್ಷೆ. ಇಂದು ಯಾರೇ ಹೊಸ ಪ್ರೋಟೀನಿನ ರಚನೆ ಬಿಡಿಸಿದರೂ ಅದು ಸರಿಯಿದೆಯೇ ಎಂದು ನೋಡಲು ಈ ನಕ್ಷೆಯ ಮೇಲೆ ಇಟ್ಟು ಪರೀಕ್ಷಿಸುತ್ತಾರೆ.

ಅದೇ 1963ರಲ್ಲಿ ನ್ಯೂಯಾರ್ಕಿನಲ್ಲಿ ಬ್ರೂಸ್ ಮೆರಿಫೀಲ್ಡ್ ಎಂಬುವರು, ಸಣ್ಣ ರಾಳದ ಮಣಿಗಳಿಗೆ ಮೊದಲ ಅಮೈನೋ ಆಮ್ಲವನ್ನು ಅಂಟಿಸಿ, ಒಂದೊಂದಾಗಿ ಮುಂದಿನದನ್ನು ಪೋಣಿಸುವ ವಿಧಾನವನ್ನು ಪ್ರಕಟಿಸಿದರು. ಪ್ರತಿ ಹಂತದಲ್ಲೂ ಬೇಡದ್ದನ್ನು ತೊಳೆದುಬಿಡಬಹುದು. ಅವರಿಗೆ 1984ರಲ್ಲಿ ನೊಬೆಲ್ ಬಂತು. ನಾವು ಇಂದು ಪೆಪ್ಟೈಡ್ ಮಾಡಿಸಿಕೊಳ್ಳುವುದು ಈ ದಾರಿಯಿಂದಲೇ. ಒಬ್ಬರು ಮಾಲೆ ಹೇಗೆ ಬಾಗುತ್ತದೆಂದು ಹೇಳಿದರು, ಇನ್ನೊಬ್ಬರು ಮಾಲೆ ಕಟ್ಟುವ ಬಗೆ ಹೇಳಿಕೊಟ್ಟರು.

ನನ್ನ ಕೆಲಸದಲ್ಲಿ ಇವೆರಡೂ ಹೇಗೆ ಕೂಡುತ್ತವೆ ಎಂಬುದಕ್ಕೆ ಕೊಲ್ಯಾಜನ್ನೇ ಉದಾಹರಣೆ. ಕೊಲ್ಯಾಜನ್ ಅಧ್ಯಯನ ಮಾಡುವವರು ಪ್ರೋಲೀನ್, ಹೈಡ್ರಾಕ್ಸಿಪ್ರೋಲೀನ್, ಗ್ಲೈಸೀನ್ ಎಂಬ ಮೂರರ ತಂಡವನ್ನು ಹತ್ತು ಸಲ ಪೋಣಿಸಿದ ಪೆಪ್ಟೈಡ್ ಮಾಡಿಸುತ್ತಾರೆ. ಅನುಕ್ರಮವನ್ನು ಅಮೈನೋ ತುದಿಯಿಂದ ಬರೆದುಕೊಡಬೇಕು. ತಯಾರಕರು ಕಟ್ಟುವುದು ಇನ್ನೊಂದು ತುದಿಯಿಂದ. ಹೈಡ್ರಾಕ್ಸಿಪ್ರೋಲೀನ್ ಇಪ್ಪತ್ತರ ಪಟ್ಟಿಯಲ್ಲಿಲ್ಲ, ಆದ್ದರಿಂದ ಬಿಡಿಸಿ ಹೇಳಬೇಕು. ತುದಿಗಳು ಹಾಗೇ ಇರಲೋ, ಮುಚ್ಚಬೇಕೋ, ಶುದ್ಧತೆ ಎಷ್ಟಿರಬೇಕು ಎಂಬುದನ್ನೂ ಬರೆಯಬೇಕು. ಒಂದು ಗ್ಲೈಸೀನಿನ ಜಾಗದಲ್ಲಿ ಬೇರೆ ಅಕ್ಷರ ಬಿದ್ದರೆ ಮೂರೆಳೆಯ ಹಗ್ಗ ಅಲ್ಲಿ ಸಡಿಲವಾಗುತ್ತದೆ. ಮನುಷ್ಯರ ದೇಹದಲ್ಲಿ ಹೀಗೇ ಒಂದು ಗ್ಲೈಸೀನ್ ಬದಲಾದರೆ, ಸಣ್ಣ ಪೆಟ್ಟಿಗೂ ಎಲುಬು ಮುರಿಯುವ ಕಾಯಿಲೆಯೊಂದಿಗೆ ಮಗು ಹುಟ್ಟಬಹುದು. ಆದ್ದರಿಂದ ಸಂಶೋಧಕರು ಬೇಕೆಂದೇ ಒಂದು ಅಕ್ಷರ ಬದಲಿಸಿದ ಪೆಪ್ಟೈಡನ್ನೂ ಮಾಡಿಸಿ, ಎರಡನ್ನೂ ಹೋಲಿಸುತ್ತಾರೆ.

ಮಾಡಿಸಿದ ಪೆಪ್ಟೈಡ್ ಬಿಳಿಯ ಒಣ ಪುಡಿಯಾಗಿ, ಕೆಲವು ಮಿಲಿಗ್ರಾಂ ಮಾತ್ರ, ಸಣ್ಣ ಸೀಸೆಯಲ್ಲಿ ಬರುತ್ತದೆ. ಅದರ ತೂಕ ಮತ್ತು ಶುದ್ಧತೆ ಪರೀಕ್ಷಿಸಿದ ವರದಿಯನ್ನು ಮೊದಲು ಓದಬೇಕು. ಮೈನಸ್ 20 ಡಿಗ್ರಿಯ ಫ್ರೀಜರಿನಿಂದ ತೆಗೆದ ಸೀಸೆಯನ್ನು ಕೂಡಲೇ ತೆರೆಯಬಾರದು. ತಣ್ಣನೆಯ ಬಾಟಲಿಯ ಮೇಲೆ ನೀರು ಕೂರುವಂತೆ ಪುಡಿಗೂ ತೇವ ತಾಗಿ ಕೆಡುತ್ತದೆ. ಕೋಣೆಯ ಉಷ್ಣತೆಗೆ ಬರುವವರೆಗೆ ಕಾಯಬೇಕು. ಸೀಸೆಯಲ್ಲಿ 5 ಮಿಲಿಗ್ರಾಂ ಪುಡಿ ಇದ್ದರೆ ಅಷ್ಟೂ ಪೆಪ್ಟೈಡ್ ಅಲ್ಲ. ಲವಣ, ನೀರು ಸೇರಿರುತ್ತವೆ, ಅದನ್ನು ಲೆಕ್ಕದಲ್ಲಿ ಕಳೆಯಬೇಕು. ಮೊದಲು ಚಿಟಿಕೆಯಷ್ಟನ್ನು ಕರಗಿಸಿ ನೋಡಬೇಕು. ಕರಗಿಸಿದ್ದನ್ನು ಸಣ್ಣ ಸಣ್ಣ ಪಾಲು ಮಾಡಿ ಇಟ್ಟರೆ ಪದೇ ಪದೇ ಹೆಪ್ಪುಗಟ್ಟಿಸಿ ಕರಗಿಸುವ ಹಾನಿ ತಪ್ಪುತ್ತದೆ. ಕೊಲ್ಯಾಜನ್ ಪೆಪ್ಟೈಡಾದರೆ ದ್ರಾವಣವನ್ನು ಬಿಸಿ ಮಾಡಿ ನಿಧಾನವಾಗಿ ತಣಿಸಬೇಕು. ಆಗಲೇ ಮೂರೂ ಎಳೆಗಳು ಸರಿಯಾಗಿ ಹೊಂದಿ ಸುತ್ತಿಕೊಳ್ಳುತ್ತವೆ. ಒಂದು ಮಾತು ಹಳ್ಳಿಯ ಬಂಧುಗಳಿಗೆ: ಪ್ರಯೋಗಾಲಯಕ್ಕೆಂದು ಮಾಡಿದ ಪೆಪ್ಟೈಡ್ ಔಷಧಿಯಲ್ಲ. ಯಾರೇ ಮಾರಿದರೂ ಅದನ್ನು ಮೈಗೆ ಚುಚ್ಚಿಸಿಕೊಳ್ಳಬಾರದು.

1971ರ ಸುಮಾರಿಗೆ ರಾಮಚಂದ್ರನ್ ಬೆಂಗಳೂರಿಗೆ ಮರಳಿ, ವಿಜ್ಞಾನ ಸಂಸ್ಥೆಯಲ್ಲಿ ಅಣು ಜೈವಿಕ ಭೌತಶಾಸ್ತ್ರ ಘಟಕವನ್ನು ಆರಂಭಿಸಿದರು. ಮುಂದೆ ಇದೇ ಘಟಕದಲ್ಲಿ ಪಿ. ಬಲರಾಂ ಅವರ ತಂಡ ಪೆಪ್ಟೈಡ್‌ಗಳನ್ನು ತಾವೇ ತಯಾರಿಸಿ, ಹರಳುಗಟ್ಟಿಸಿ, ಅವು ಹೇಗೆ ಬಾಗುತ್ತವೆಂದು ತೋರಿಸಿತು. ಕಾಗದದ ಮೇಲಿನ ಲೆಕ್ಕ ಸೀಸೆಯಲ್ಲಿ ಸಿಕ್ಕ ಹಾಗಾಯಿತು. 1971ರಲ್ಲೇ ರಾಮಚಂದ್ರನ್ ಅವರು ಎ. ವಿ. ಲಕ್ಷ್ಮೀನಾರಾಯಣನ್ ಅವರೊಂದಿಗೆ, ಹಲವು ದಿಕ್ಕಿನ ಎಕ್ಸ್-ರೇ ನೆರಳುಗಳಿಂದ ಒಳಗಿನ ಚಿತ್ರವನ್ನು ಕಟ್ಟುವ ಸುಲಭವಾದ ಗಣಿತವನ್ನು ಪ್ರಕಟಿಸಿದರು. ಆಸ್ಪತ್ರೆಗಳ ಸಿ.ಟಿ. ಸ್ಕ್ಯಾನಿಗೆ ಈ ಬಗೆಯ ಲೆಕ್ಕ ಬಹಳ ಉಪಯೋಗಕ್ಕೆ ಬಂತು.

1961ರಲ್ಲಿ ಭಟ್ನಾಗರ್ ಪ್ರಶಸ್ತಿ, 1977ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯತ್ವ, 1999ರಲ್ಲಿ ಹರಳು ವಿಜ್ಞಾನದ ಎವಾಲ್ಡ್ ಪ್ರಶಸ್ತಿ ಅವರಿಗೆ ಸಂದವು. ನೊಬೆಲ್ ಬರಲಿಲ್ಲ. ನಂತರದ ವರ್ಷಗಳಲ್ಲಿ ಭಾರತೀಯ ತರ್ಕಶಾಸ್ತ್ರವನ್ನು, ವಿಶೇಷವಾಗಿ ಜೈನರ ಸ್ಯಾದ್ವಾದವನ್ನು, ಗಣಿತದ ಭಾಷೆಯಲ್ಲಿ ಹೇಳಲು ಶ್ರಮಿಸಿದರು. ಪತ್ನಿ ರಾಜಲಕ್ಷ್ಮಿ 1998ರಲ್ಲಿ ತೀರಿಕೊಂಡ ಪೆಟ್ಟು, ಪಾರ್ಕಿನ್ಸನ್ ಕಾಯಿಲೆ ಎರಡೂ ಅವರನ್ನು ಕುಗ್ಗಿಸಿದವು. 2001ರ ಏಪ್ರಿಲ್ 7ರಂದು ಚೆನ್ನೈನಲ್ಲಿ ನಿಧನರಾದರು.

ಶಾಲೆಯ ಮಕ್ಕಳಿಗೆ ನನ್ನದೊಂದು ಸಲಹೆ. ದಪ್ಪ ಕಾಗದದಿಂದ ಚಪ್ಪಟೆ ತುಂಡುಗಳನ್ನು ಕತ್ತರಿಸಿ, ಮೂಲೆಗಳಲ್ಲಿ ತಂತಿಯಿಂದ ಜೋಡಿಸಿ, ತಿರುಗಿಸಿ ನೋಡಿ. ಎಲ್ಲಿ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತದೋ ಅದನ್ನು ಬರೆದಿಟ್ಟುಕೊಳ್ಳಿ. ವಿಜ್ಞಾನ ಮೇಷ್ಟ್ರು, ಟೀಚರ್‌ಗಳು ಒಂದು ಮಧ್ಯಾಹ್ನ ಇದಕ್ಕೆ ಕೊಟ್ಟರೆ, ರಾಮಚಂದ್ರನ್ ನಕ್ಷೆಯ ಮರ್ಮ ಎಂಟನೇ ತರಗತಿಯ ಹುಡುಗ ಹುಡುಗಿಯರ ಕೈಗೂ ಸಿಗುತ್ತದೆ.