ಡಿಸ್ಕ್ ಕೊಟ್ಟ ವಿಜ್ಞಾನ ಮೇಷ್ಟ್ರು

ಮಕ್ಕಳೇ, ಪೆನ್ಸಿಲ್ ಗೆರೆಯಲ್ಲಿ ವಿದ್ಯುತ್ ಹರಿಯುತ್ತದೆ. ಇದನ್ನೇ ಬಳಸಿ ಅಮೆರಿಕದ ಶಾಲಾ ಶಿಕ್ಷಕ ರೆನಾಲ್ಡ್ ಜಾನ್ಸನ್ (1906–1998) ಉತ್ತರ ಪತ್ರಿಕೆ ತಿದ್ದುವ ಯಂತ್ರ ಮಾಡಿದರು. (ನಮಗೂ ಒಂದು ಸಿಕ್ಕಿದ್ದರೆ!) 1934ರಲ್ಲಿ ಐಬಿಎಂ ಕಂಪನಿ ಅವರನ್ನು ಕೆಲಸಕ್ಕೆ ಸೇರಿಸಿಕೊಂಡಿತು.

ಆಗ ಲೆಕ್ಕಪತ್ರವೆಲ್ಲ ರಂಧ್ರ ಕೊರೆದ ಕಾರ್ಡುಗಳಲ್ಲಿ ಇರುತ್ತಿತ್ತು. ಒಬ್ಬರ ಲೆಕ್ಕ ಬೇಕೆಂದರೂ ಕಾರ್ಡಿನ ಕಟ್ಟನ್ನೇ ಯಂತ್ರಕ್ಕೆ ಹಾಕಿ ಹುಡುಕಬೇಕು. 1956ರಲ್ಲಿ ಜಾನ್ಸನ್ ತಂಡವು ಕಾಂತೀಯ ಲೇಪನವಿದ್ದ 50 ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿ ತಿರುಗಿಸಿತು. ಪ್ರತಿ ತಟ್ಟೆಯ ಒಂದೊಂದು ಬದಿಯಲ್ಲೂ 100 ವರ್ತುಲಗಳು. ಯಾವ ತಟ್ಟೆ, ಯಾವ ಬದಿ, ಯಾವ ವರ್ತುಲ ಎಂಬುದೇ ಮಾಹಿತಿಯ ವಿಳಾಸ. ವಿಳಾಸ ಕೊಟ್ಟರೆ ಯಂತ್ರದ ತೋಳು ನೇರವಾಗಿ ಅಲ್ಲಿಗೇ ಹೋಗಿ ಓದುತ್ತಿತ್ತು! ಅಷ್ಟೂ ತಟ್ಟೆಗಳಲ್ಲಿ ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರಗಳು. ಹಾರ್ಡ್ ಡಿಸ್ಕಿನಲ್ಲಿ ಇಂದಿಗೂ ಕಡತಗಳನ್ನು ವಿಳಾಸದಿಂದಲೇ ಹುಡುಕಲಾಗುತ್ತದೆ.