ಜನಮತ ಕೇಳಿ ಪಟ್ಟವೇರಿದ ದೊರೆ

ಶಾಲೆಯ ಮಕ್ಕಳನ್ನು ಬೇಕಲ ಕೋಟೆಗೆ ಕರೆದೊಯ್ದಾಗ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. ಕೆಳದಿ ನಾಯಕರ ಕಾಲದ ಆ ಬುರುಜಿನ ಮೇಲೆ ನಿಂತು, ಈಗಲೂ ಎಲ್ಲಿಯಾದರೂ ರಾಜರಿದ್ದಾರೆಯೇ, ಇದ್ದರೆ ಅವರಿಗೇನು ಕೆಲಸ ಎಂದು ಕೇಳುತ್ತಾರೆ. ನಮ್ಮ ದೇಶದಲ್ಲಿ ಸಂಸ್ಥಾನಗಳು ವಿಲೀನವಾಗಿ, 1971ರಲ್ಲಿ ರಾಜಧನವೂ ರದ್ದಾದ ಮೇಲೆ ರಾಜನೆಂದರೆ ಕಥೆಯ ಪಾತ್ರವೇ ಸರಿ. ಆದರೆ ಬ್ರಿಟನ್, ಜಪಾನ್, ನಾರ್ವೆ ಮೊದಲಾದ ಪ್ರಜಾಪ್ರಭುತ್ವ ದೇಶಗಳಲ್ಲಿ ಸಿಂಹಾಸನ ಉಳಿದು ಬಂದಿದೆ. ಆಳುವವರು ಜನರ ಪ್ರತಿನಿಧಿಗಳೇ ಆಗಿರುವಾಗ ಮೇಲೊಬ್ಬ ರಾಜನೇಕೆ? ಈ ಪ್ರಶ್ನೆಗೆ ನಾರ್ವೆಯ ದೊರೆ ಏಳನೆಯ ಹಾಕನ್ ಅವರ ಜೀವನದಲ್ಲಿ ಒಂದು ಉತ್ತರ ದೊರೆಯುತ್ತದೆ.

ಹಾಕನ್ ಹುಟ್ಟಿನಿಂದ ನಾರ್ವೆಯವರಲ್ಲ. 1872ರ ಆಗಸ್ಟ್ 3ರಂದು ಡೆನ್ಮಾರ್ಕಿನ ರಾಜಮನೆತನದಲ್ಲಿ ಜನಿಸಿದ ಅವರ ಹೆಸರು ಕಾರ್ಲ್. ಎರಡನೆಯ ಮಗನಾದುದರಿಂದ ಪಟ್ಟ ದೊರೆಯುವ ಸಂಭವ ಕಡಿಮೆ. ನೌಕಾಪಡೆಯನ್ನು ಸೇರಿ ಅಧಿಕಾರಿಯಾದರು. 1896ರಲ್ಲಿ, ಮುಂದೆ ಏಳನೆಯ ಎಡ್ವರ್ಡ್ ಎಂಬ ಹೆಸರಿನಿಂದ ಇಂಗ್ಲೆಂಡನ್ನಾಳಿದವರ ಮಗಳು ಮಾಡ್ ಅವರನ್ನು ವಿವಾಹವಾದರು. 1903ರಲ್ಲಿ ಒಬ್ಬ ಮಗ ಹುಟ್ಟಿದ.

ಅತ್ತ ನಾರ್ವೆ 1814ರಿಂದ ಸ್ವೀಡನ್ನಿನೊಡನೆ ಒಬ್ಬನೇ ದೊರೆಯ ಕೆಳಗಿತ್ತು. 1905ರ ಜೂನ್ 7ರಂದು ನಾರ್ವೆಯ ಪಾರ್ಲಿಮೆಂಟು ಆ ಸಂಬಂಧವನ್ನು ಕಡಿದುಕೊಂಡಿತು. ಹೊಸ ದೊರೆಗಾಗಿ ಹುಡುಕಿದ ಮುಖಂಡರು ಕಾರ್ಲ್ ಅವರಿಗೆ ಕಿರೀಟವನ್ನು ನೀಡಲು ಮುಂದಾದರು. ಬೇರೆಯವರಾಗಿದ್ದರೆ ಒಡನೆಯೇ ಒಪ್ಪುತ್ತಿದ್ದರೇನೋ. ಆದರೆ ರಾಜನೇ ಬೇಡ, ಗಣರಾಜ್ಯವಾಗಲಿ ಎನ್ನುವವರೂ ಆ ನಾಡಿನಲ್ಲಿ ಅನೇಕರಿದ್ದಾರೆಂದು ಕಾರ್ಲ್ ಬಲ್ಲರು. ಮುಖಂಡರ ಕರೆ ಸಾಲದು, ಜನರನ್ನೇ ಕೇಳಬೇಕೆಂದು ಹಟ ಹಿಡಿದರು. ನವೆಂಬರ್ 12 ಮತ್ತು 13ರಂದು ಜನಮತ ಸಂಗ್ರಹ ನಡೆಯಿತು. ಪರವಾಗಿ ಬಿದ್ದ ಮತಗಳು 2,59,563, ವಿರುದ್ಧ 69,264. ಬಳಿಕ ಪಾರ್ಲಿಮೆಂಟು ಅವರನ್ನು ದೊರೆಯಾಗಿ ಆರಿಸಿತು. ನಾರ್ವೆಯ ಪ್ರಾಚೀನ ಅರಸರ ಹೆಸರಾದ ಹಾಕನ್ ಎಂಬುದನ್ನು ತಾವು ಧರಿಸಿ, ಮಗನಿಗೆ ಊಲಾವ್ ಎಂದು ಹೆಸರಿಟ್ಟು, ಹೊಸ ನಾಡಿಗೆ ಬಂದರು. 1906ರಲ್ಲಿ ಟ್ರೋಂಡ್‌ಹೈಮಿನ ಪುರಾತನ ದೇವಾಲಯದಲ್ಲಿ ಪಟ್ಟಾಭಿಷೇಕವಾಯಿತು.

ಆ ಮೇಲಿನ ಮೂರು ದಶಕಗಳಲ್ಲಿ ಅವರು ಮಾಡಿದ್ದು ಸದ್ದಿಲ್ಲದ ಕೆಲಸ. ಮಂತ್ರಿಮಂಡಲದ ಸಭೆಯಲ್ಲಿ ಕುಳಿತುಕೊಳ್ಳುವುದು, ಮಂತ್ರಿಗಳು ತಂದ ಕಾಗದಕ್ಕೆ ರುಜು ಹಾಕುವುದು, ಸರಕಾರ ಬಿದ್ದರೆ ಮತ್ತೊಂದನ್ನು ರಚಿಸಲು ಕರೆಯುವುದು. ಆದರೂ ತಮಗೆ ಮತ ಕೊಡದವರನ್ನು ಅವರು ಮರೆಯಲಿಲ್ಲ. 1928ರಲ್ಲಿ ಪಾರ್ಲಿಮೆಂಟಿನ ಅತಿ ದೊಡ್ಡ ಪಕ್ಷವಾಗಿದ್ದ ಲೇಬರ್ ಪಕ್ಷಕ್ಕೆ ಸರಕಾರ ರಚಿಸಲು ಕರೆ ಹೋಯಿತು. ಅದು ಆಗ ಕ್ರಾಂತಿಯ ಮಾತನಾಡುತ್ತಿದ್ದ ಪಕ್ಷ, ಅರಸೊತ್ತಿಗೆಗೆ ಒಲಿದವರಲ್ಲ. ಹಲವರು ಹುಬ್ಬೇರಿಸಿದರು. ತಾವು ಕಮ್ಯುನಿಸ್ಟರಿಗೂ ದೊರೆಯೇ ಎಂಬುದು ಹಾಕನ್ ಅವರ ನಿಲುವಾಗಿತ್ತು. ಆ ಸರಕಾರ ಮೂರು ವಾರವೂ ಬಾಳಲಿಲ್ಲ. ಆದರೆ 1935ರಲ್ಲಿ ಅದೇ ಪಕ್ಷ ಮತ್ತೆ ಅಧಿಕಾರಕ್ಕೆ ಬಂತು.

1940ರ ಏಪ್ರಿಲ್ 9ರಂದು ಹಿಟ್ಲರನ ಸೈನ್ಯ ನಾರ್ವೆಯ ಮೇಲೆ ಬಿತ್ತು. ಓಸ್ಲೋ ಕೊಲ್ಲಿಯ ಹಳೆಯ ಕೋಟೆಯವರು ಜರ್ಮನಿಯ ಸಮರನೌಕೆ ಬ್ಲೂಖರ್ ಅನ್ನು ಮುಳುಗಿಸಿದ್ದರಿಂದ ಕೆಲವು ಗಂಟೆಗಳ ಅವಕಾಶ ಸಿಕ್ಕಿತು. ದೊರೆ, ಮಂತ್ರಿಗಳು, ಪಾರ್ಲಿಮೆಂಟಿನ ಸದಸ್ಯರು ರೈಲು ಹತ್ತಿ ರಾಜಧಾನಿಯನ್ನು ಬಿಟ್ಟರು. ಮರುದಿನ ಎಲ್ವೆರುಮ್ ಎಂಬಲ್ಲಿ ಜರ್ಮನ್ ರಾಯಭಾರಿ ದೊರೆಯನ್ನು ಕಂಡು, ಹಿಟ್ಲರನ ಪಕ್ಷಪಾತಿಯಾದ ಕ್ವಿಸ್ಲಿಂಗನನ್ನು ಪ್ರಧಾನಿಯಾಗಿ ನೇಮಿಸುವಂತೆ ಒತ್ತಾಯಿಸಿದನು. ಒಂದು ರುಜು ಬಿದ್ದರೆ ಆಕ್ರಮಣಕ್ಕೆ ನ್ಯಾಯದ ಮುಖವಾಡ ದೊರೆಯುತ್ತಿತ್ತು.

ಅಂದು ಸಂಜೆ ನೀಬೆರ್ಗ್‌ಸುಂದ್ ಎಂಬ ಹಳ್ಳಿಯಲ್ಲಿ ಮಂತ್ರಿಮಂಡಲ ಸೇರಿತು. ನಿರಾಕರಿಸಿದರೆ ಜನರಿಗೆ ಒದಗುವ ಕಷ್ಟವನ್ನು ನೆನೆದು ದೊರೆ ವ್ಯಾಕುಲರಾಗಿದ್ದರು. ತೀರ್ಮಾನ ಮಂತ್ರಿಗಳದೇ ಎಂದು ಒಪ್ಪಿದರು. ಆದರೆ ಜನರ ವಿಶ್ವಾಸವಿಲ್ಲದವನನ್ನು ತಾವು ನೇಮಿಸಲಾರೆವು, ಮಂತ್ರಿಗಳು ಮಣಿಯುವುದಾದರೆ ತಾವು ಪಟ್ಟವನ್ನೇ ಬಿಡುತ್ತೇವೆ ಎಂದು ತಿಳಿಸಿದರು. ಆ ಲೇಬರ್ ಪಕ್ಷದ ಮಂತ್ರಿಗಳು ಒಬ್ಬರೂ ತಪ್ಪದೆ ದೊರೆಯ ಬೆನ್ನಿಗೆ ನಿಂತರು. ಮರುದಿನ ಜರ್ಮನ್ ವಿಮಾನಗಳು ಆ ಹಳ್ಳಿಯ ಮೇಲೆ ಬಾಂಬು ಸುರಿದಾಗ ಅರವತ್ತೇಳರ ದೊರೆ ಕಾಡಿನ ಹಿಮದಲ್ಲಿ ಮರದ ಮರೆಗೆ ನಿಂತು ಬದುಕಿಕೊಂಡರು.

ಎರಡು ತಿಂಗಳ ಹೋರಾಟದ ಬಳಿಕ ಜೂನ್ 7ರಂದು ಲಂಡನ್ನಿಗೆ ತೆರಳಿದರು. ಜರ್ಮನರ ಒತ್ತಡಕ್ಕೆ ಸಿಕ್ಕ ಪಾರ್ಲಿಮೆಂಟಿನ ಅಧ್ಯಕ್ಷ ಮಂಡಲಿ ಪಟ್ಟ ತ್ಯಜಿಸುವಂತೆ ಬರೆದಾಗಲೂ ಒಪ್ಪಲಿಲ್ಲ. ಬಿ.ಬಿ.ಸಿ.ಯ ಮೂಲಕ ಅವರ ಧ್ವನಿ ನಾರ್ವೆಯ ಮನೆಮನೆಯನ್ನು ಮುಟ್ಟಿತು. ಅವರ ಹೆಸರಿನ ಅಂಕಿತವನ್ನು ಜನರು ಗೋಡೆಗಳ ಮೇಲೆ ಗೀಚಿದರು. ಸರಿಯಾಗಿ ಐದು ವರ್ಷಗಳ ಮೇಲೆ, 1945ರ ಜೂನ್ 7ರಂದು, ಓಸ್ಲೋಗೆ ಮರಳಿದರು. 1957ರ ಸೆಪ್ಟೆಂಬರ್ 21ರಂದು ತೀರಿಕೊಂಡರು. ಮಗ ಊಲಾವ್ ಪಟ್ಟವೇರಿದರು.

ಎಲ್ಲ ದೊರೆಗಳೂ ಹೀಗೆ ನಡೆದುಕೊಂಡರೆನ್ನಲಾಗದು. ಇಟಲಿಯ ಮೂರನೆಯ ವಿಕ್ಟರ್ ಇಮ್ಮಾನುವೆಲ್, 1922ರಲ್ಲಿ ಮುಸೊಲಿನಿಯ ದಂಡು ರೋಮಿನತ್ತ ಬಂದಾಗ, ಅದನ್ನು ತಡೆಯಲು ಮಂತ್ರಿಗಳು ತಂದ ಆಜ್ಞೆಗೆ ರುಜು ಹಾಕಲಿಲ್ಲ. ಮುಸೊಲಿನಿಯನ್ನೇ ಪ್ರಧಾನಿಯಾಗಲು ಕರೆದರು. 1946ರಲ್ಲಿ ಇಟಲಿಯ ಜನ ಮತ ಹಾಕಿ ಅರಸೊತ್ತಿಗೆಯನ್ನೇ ಕಿತ್ತೊಗೆದರು.

ಈಗಿನ ದೊರೆಯ ಕೈಯಲ್ಲಿ ಖಡ್ಗವಿಲ್ಲ, ಒಂದು ಲೇಖನಿಯಷ್ಟೇ ಇದೆ. ಹಾಕನ್ ತಮ್ಮ ಆಳ್ವಿಕೆಯುದ್ದಕ್ಕೂ ಜನರ ಪ್ರತಿನಿಧಿಗಳು ಹೇಳಿದಲ್ಲಿ ರುಜು ಹಾಕಿದರು. ಜನರಿಗೆ ಬೇಡದವನಿಗಾಗಿ ಹಾಕಲೊಪ್ಪಲಿಲ್ಲ. 1905ರಲ್ಲಿ ಬೇಡವೆಂದ 69,264 ಮಂದಿಗೂ ತಾವೇ ದೊರೆಯೆಂದು ನಡೆದುಕೊಂಡರು. ಕೋಟೆಯ ಮೇಲೆ ಮಕ್ಕಳು ಕೇಳುವ ಪ್ರಶ್ನೆಗೆ ನಾನು ಹೇಳುವ ಕಥೆ ಇದು.