ಕವಿಚಕ್ರವರ್ತಿ ಜನ್ನ

ವಿದ್ಯೆಯಲ್ಲಿ ಮೇಲೆನಿಸಿದವರನ್ನು ವಿಶ್ವವಿದ್ಯಾನಿಲಯಗಳು ಘಟಿಕೋತ್ಸವದಲ್ಲಿ ಸುವರ್ಣಪದಕವಿತ್ತು ಮನ್ನಿಸುವುದು ಸರ್ವವಿದಿತವಷ್ಟೆ. ಮೈಸೂರು ವಿಶ್ವವಿದ್ಯಾನಿಲಯವು 1916ರಲ್ಲಿ ಸ್ಥಾಪಿತವಾಗುವುದಕ್ಕೆ ಏಳು ಶತಮಾನಗಳ ಮುನ್ನವೇ ಈ ಸೀಮೆಯ ದೋರಸಮುದ್ರದಲ್ಲಿ ಅಂತಹ ಮನ್ನಣೆಯೊಂದು ಸಂದಿತು. ಅದನ್ನು ಪಡೆದವನು ಜನ್ನ.

ಇವನ ತಂದೆ ಶಂಕರನು ಸುಮನೋಬಾಣನೆಂದು ಹೆಸರಾಗಿ ಹೊಯ್ಸಳ ನರಸಿಂಹನಲ್ಲಿ ಕಟಕೋಪಾಧ್ಯಾಯನಾಗಿದ್ದನು, ತಾಯಿ ಗಂಗಾದೇವಿ. ಉಪಾಧ್ಯಾಯನ ಮಗನಿಗೆ ಓದು ಸುಲಭವೆನ್ನುವವರು, ಅಂತಹ ಮನೆಯಲ್ಲಿ ತಪ್ಪಿಗೆ ಎಡೆಯಿಲ್ಲವೆಂಬುದನ್ನು ಅರಿಯರು. ಪಾಠಶಾಲೆಯಲ್ಲಿ ಬೆಳೆದ ನಾವು ಬಲ್ಲೆವು. ಅಮೃತಾಪುರದ 1196ರ ಶಾಸನಪದ್ಯಗಳು ಇವನ ರಚನೆ. ದೇಗುಲ ಶಿವನದು, ಕವಿ ಜೈನನು. ಯಾರಿಗೂ ಅದು ಅಡ್ಡಿಯೆನಿಸಲಿಲ್ಲ. 1209ರಲ್ಲಿ ಯಶೋಧರಚರಿತೆ ಮುಗಿಯಿತು. ಹಿಟ್ಟಿನ ಕೋಳಿಯನ್ನು ಬಲಿಯಿತ್ತ ಸಂಕಲ್ಪಹಿಂಸೆಯು ತಾಯಿಯನ್ನೂ ಮಗನನ್ನೂ ಜನ್ಮಜನ್ಮಾಂತರಗಳಲ್ಲಿ ಬೆನ್ನಟ್ಟುವ ಕಥೆಯದು. ಅದನ್ನು ನಾಲ್ಕೇ ಅವತಾರಗಳಲ್ಲಿ, ಬಹುಮಟ್ಟಿಗೆ ಕಂದಗಳಲ್ಲಿಯೇ ಹೇಳಿದ ಬಿಗಿಗೆ ಎಣೆಯಿಲ್ಲ.

ವೀರಬಲ್ಲಾಳನು ಇವನಿಗೆ ಕವಿಚಕ್ರವರ್ತಿಯೆಂಬ ಬಿರುದನ್ನಿತ್ತನು. ಪೊನ್ನನಿಗೆ ರಾಷ್ಟ್ರಕೂಟ ಕೃಷ್ಣನಿಂದಲೂ ರನ್ನನಿಗೆ ಚಾಲುಕ್ಯ ತೈಲಪನಿಂದಲೂ ಸಂದಿದ್ದ ಪದವಿಯದು. ಅದನ್ನು ಹೊತ್ತವನು ಅವರಿಬ್ಬರ ಪಕ್ಕದಲ್ಲಿ ನಿಂತು ತೂಗಿಸಿಕೊಳ್ಳಲೇಬೇಕು, ಹಗುರವಾದ ಭಾರವಲ್ಲ. ಪದಕವನ್ನು ಪೆಟ್ಟಿಗೆಯಲ್ಲಿರಿಸಿ ಓದನ್ನೇ ಮರೆಯುವವರುಂಟು. ಜನ್ನನು ಹಾಗಲ್ಲ, ಬಲ್ಲಾಳನು ಕಾಲವಾದ ಮೇಲೆಯೂ ಬರೆದು, 1230ರಲ್ಲಿ ಅನಂತನಾಥಪುರಾಣವನ್ನು ಪೂರೈಸಿದನು. ಅಲ್ಲಿಯ ಚಂಡಶಾಸನನ ವೃತ್ತಾಂತವೊಂದೇ ಬಿರುದನ್ನು ಉಳಿಸಲು ಸಾಕು.

ಶಬ್ದಮಣಿದರ್ಪಣವನ್ನು ರಚಿಸಿದ ಕೇಶಿರಾಜನು ಇವನ ಸೋದರಳಿಯ. ದೋರಸಮುದ್ರದ ಪಾರ್ಶ್ವಜಿನಾಲಯಕ್ಕೆ ಜನ್ನನು ದ್ವಾರವನ್ನು ಮಾಡಿಸಿದನು. ಹಳೇಬೀಡಿನಲ್ಲಿ ಹೊಯ್ಸಳೇಶ್ವರನನ್ನು ಕಂಡು ಮರಳುವ ಯಾತ್ರಿಕರು ಬಸದಿಹಳ್ಳಿಯವರೆಗೆ ನಡೆಯುವುದು ವಿರಳ.